ಇಂಜಿನ್ನಿಗೆ ತಂಪೆರೆಯುವ ತಾರವ್ವ

ಇಚಲಕರಂಜಿಯ ಮಗ್ಗದ ಶೆಡ್ಡಿನ ಹಿಂದೆ ಈಗಷ್ಟೇ ಬೆಳಕು ಮೂಡುತ್ತಿದೆ. ತಾರವ್ವ ಬಾವಿಯ ನೀರು ಸೇದಿ ಸಿಮೆಂಟಿನ ಟಾಕಿಗೆ ಸುರಿಯುತ್ತಿದ್ದಾಳೆ. ಟಾಕಿಯ ಕೆಳಗಿನ ಕೊಳವೆಯಿಂದ ತಣ್ಣೀರು ಒಳಗಿನ ಡೀಸೆಲ್ ಇಂಜಿನ್ನಿಗೆ ಹೋಗುತ್ತದೆ, ಕಾದು ಮೇಲಿನ ಕೊಳವೆಯಿಂದ ತಾನಾಗಿಯೇ ಮರಳುತ್ತದೆ. ನೀರು ಮೇಲಿನ ಕೊಳವೆಗಿಂತ ಕೆಳಗಿಳಿಯಿತೋ, ಈ ಓಡಾಟ ನಿಂತಂತೆಯೇ.

ಗಡಹಿಂಗ್ಲಜ ಕಡೆಯ ನೂಲ ಎಂಬ ಊರಿನ ಕುರಿಗಾರರ ಮನೆತನದವಳು ತಾರವ್ವ. ಗಂಡನೊಡನೆ ಇಲ್ಲಿಗೆ ಬಂದಳು. ಅವನು ತೀರಿಕೊಂಡ ಮೇಲೂ ಬಾವಿಯ ಹಗ್ಗ ಬಿಡಲಿಲ್ಲ. ಬೇಸಿಗೆಯಲ್ಲಿ ದಿನಕ್ಕೆ ನೂರು ಕೊಡದ ಹತ್ತಿರ ಸೇದುತ್ತಾಳೆ.

ಬೆಳಗಾದರೆ ಓಣಿಯ ಹೆಂಗಸರು ಸ್ನಾನಕ್ಕೆಂದು ಟಾಕಿಯ ಬಿಸಿನೀರಿಗೆ ಬರುತ್ತಾರೆ. ಒಂದು ಕೊಡ ಒಯ್ದವರು ಒಂದು ಕೊಡ ತಣ್ಣೀರು ಸುರಿಯಬೇಕು, ಇದು ತಾರವ್ವನ ಕಟ್ಟಳೆ. ಮುದುಕಿಯರ ಪಾಲಿನದನ್ನು ಅವಳೇ ಸೇದಿ ಹಾಕುತ್ತಾಳೆ.

ಇಂದು ಚೆನ್ನವ್ವನ ಸೊಸೆಗೆ ಹೆರಿಗೆಯಾಗಿದೆ. ಗಡಿಬಿಡಿಯಲ್ಲಿ ಚೆನ್ನವ್ವ ಕೊಡದ ಮೇಲೆ ಕೊಡ ಒಯ್ದಿದ್ದಾಳೆ, ತಿರುಗಿ ಸುರಿಯುವುದನ್ನು ಮರೆತಿದ್ದಾಳೆ. ಮೇಲಿನ ಕೊಳವೆಯ ಬಾಯಿ ಬರಿದಾಗಿದೆ. ಒಳಗಿನಿಂದ ಸುಟ್ಟ ಎಣ್ಣೆಯ ವಾಸನೆ. ಇಂಜಿನ್ ನೋಡಿಕೊಳ್ಳುವ ಸತ್ಯಪ್ಪ ಓಡಿಬಂದು, ಇಂಜಿನ್ನಿನ ತಲೆಗೇ ಸುರಿಯಲು ಬಾವಿಯ ನೀರಿನ ಬಕೆಟ್ಟು ಎತ್ತುತ್ತಾನೆ. ಕಾದ ಬೀಡುಕಬ್ಬಿಣ ತಣ್ಣೀರು ಬಿದ್ದರೆ ಸೀಳು ಬಿಡುತ್ತದೆ. ಇಂಜಿನ್ನಿನ ಆ ತಲೆ, ಅಂದರೆ ಹೆಡ್, ಸೀಳು ಬಿಟ್ಟರೆ ಕೊಲ್ಹಾಪುರದಿಂದ ಬೇರೆಯದು ಬರುವ ತನಕ ಮಗ್ಗಗಳು ನಿಲ್ಲುತ್ತವೆ, ಮಗ್ಗ ನಂಬಿದ ಮನೆಗಳ ಒಲೆಗಳೂ.

ತಾರವ್ವ ಬಕೆಟ್ಟು ಹಿಡಿಯುತ್ತಾಳೆ. “ನಿಂದ್ರು, ಸತ್ಯಪ್ಪಣ್ಣಾ. ಹಡದಾಕಿ ಮೈಮ್ಯಾಲೆ ಯಾರರ ತಣ್ಣೀರು ಹಾಕ್ತಾರೇನು?”

“ಮತ್ತ ಸುಟ್ಟ ಹೋಗಲೇನಬೇ?”

“ಮಗ್ಗದ ಪಟ್ಟಾ ತಗೀ. ಇಂಜಿನ್ ಬಂದ್ ಮಾಡಬ್ಯಾಡ, ಸಾವಕಾಶ ನಡೀಲಿ. ನೀರ ನಾ ನೋಡ್ತೇನಿ.”

ಇಂಜಿನ್ ಡ್ರೈವರ್ ಯಾರು, ನಾನೋ ನೀನೋ ಎಂದು ಗೊಣಗುತ್ತಲೇ ಸತ್ಯಪ್ಪ ಒಳಗೆ ಹೋಗಿ, ಇಂಜಿನ್ನಿನ ಭಾರ ತಗ್ಗಲೆಂದು ಮಗ್ಗಗಳನ್ನು ತಿರುಗಿಸುವ ಪಟ್ಟಾ ಇಳಿಸುತ್ತಾನೆ. ತಾರವ್ವ ಹೆಂಗಸರತ್ತ ತಿರುಗುತ್ತಾಳೆ. ತುಂಬಿಸಿಕೊಂಡ ಬಿಸಿನೀರನ್ನೇ ಮರಳಿ ಸುರಿಯಬೇಕೆಂದು ಕೇಳುತ್ತಾಳೆ. ಇಂದು ತಣ್ಣೀರ ಸ್ನಾನವೇ ಗತಿ ಎಂದು ಒಬ್ಬಳು ನಗುತ್ತಾಳೆ, ಆದರೂ ಮೊದಲು ಸುರಿಯುವವಳು ಅವಳೇ. ಒಂದೊಂದಾಗಿ ಕೊಡಗಳು ಬರಿದಾಗುತ್ತವೆ. ಸುದ್ದಿ ಕೇಳಿ ಚೆನ್ನವ್ವನೂ ಉಳಿದ ಕೊಡ ಹೊತ್ತು ತರುತ್ತಾಳೆ. ಅದೊಂದನ್ನು ತಾರವ್ವ ಮುಟ್ಟುವುದಿಲ್ಲ. ಕೂಸಿನ ಮೈ ತೊಳೆಯಲು ಬೇಕು, ಒಯ್ಯಿ ಎನ್ನುತ್ತಾಳೆ.

ನೀರು ಕೊಳವೆಯ ಬಾಯಿ ಮುಟ್ಟುತ್ತದೆ. ಸ್ವಲ್ಪ ಹೊತ್ತಿಗೆ ಒಳಗಿನಿಂದ ಹಬೆಯಾಡುವ ನೀರು ಕುದಿಕುದಿಯುತ್ತ ಬಂದು ಬೀಳುತ್ತದೆ. ಆಮೇಲೆಯೇ ಅವಳು ತಣ್ಣೀರನ್ನು ಸಣ್ಣ ಧಾರೆಯಾಗಿ ಬಿಡುತ್ತಾಳೆ. ಸತ್ಯಪ್ಪ ಪಟ್ಟಾ ಏರಿಸಿದಾಗ ಮಗ್ಗಗಳ ಸದ್ದು ಓಣಿ ತುಂಬುತ್ತದೆ.

ಏನಾದರೂ ಆಸೆ ಉಂಟೇ ಎಂದು ನೋಡಲು ಬಂದವರು ಕೇಳಿದರೆ, ಬಾಣಂತಿಯರಿಗಾಗಿ ಬೇರೊಂದು ಸಣ್ಣ ಟಾಕಿ ಬೇಕೆನ್ನುತ್ತಾಳೆ. ಮತ್ತೆ ಹಗ್ಗ ಕೈಗೆತ್ತಿಕೊಂಡು ಹೇಳುತ್ತಾಳೆ:

“ಸುತ್ತಲಿನ ಶೆಡ್ಡಿನ್ಯಾಗೆಲ್ಲಾ ಹೆಡ್ ಬದಲಿ ಆಗ್ಯಾವ್ರಿ. ನಮ್ಮ ಹೆಡ್ ಇಂಜಿನ್ ಜೋಡಿ ಬಂದಿದ್ದ ಐತ್ರಿ, ಇನ್ನೂ.”