ಇಗರ್ಜಿಯ ಮುಸುರೆ

ಕುವೈತಿನ ಫೈಲಕಾ ದ್ವೀಪದ ಹಳೆಯ ಇಗರ್ಜಿಯನ್ನು ಮೊದಲ ಸಲ ನೋಡಿದಾಗ ಸುಗಂಧಿಗೆ ಅನಿಸಿದ್ದು, ಇದನ್ನು ಗುಡಿಸುವುದು ಸುಲಭ ಎಂದು. ಛಾವಣಿಯಿಲ್ಲ, ಗಂಟೆಯಿಲ್ಲ, ಸರಿಸಲು ಬೆಂಚುಗಳಿಲ್ಲ. ಮೊಣಕಾಲೆತ್ತರದ ಮಣ್ಣುಕಲ್ಲಿನ ಗೋಡೆಗಳು, ಅವುಗಳ ನಡುವೆ ಮರಳು. ಊರಿನಲ್ಲಿ, ಕಿನ್ನಿಗೋಳಿಯಲ್ಲಿ, ಇಗರ್ಜಿಯೆಂದರೆ ತಲೆಯೆತ್ತಿ ನೋಡುವಂಥದ್ದು. ಇಲ್ಲಿ ತಲೆ ತಗ್ಗಿಸಿ, ಎಡವದ ಹಾಗೆ ನೋಡಬೇಕಿತ್ತು.

ನಕ್ಷೆ ಬರೆಯುವ ಕೆಲಸಕ್ಕಿದ್ದ ಹುಡುಗಿ ಅಶ್ಮಿತಾ ಒಂದೊಂದನ್ನೇ ತೋರಿಸಿದಳು. ನಡುವೆ ಉದ್ದನೆಯ ಹಜಾರ, ಎರಡು ಬದಿಗೆ ಕಿರಿದಾದ ಓಣಿಯಂಥ ಜಾಗ, ಪೂರ್ವಕ್ಕೆ ಬಲಿಪೀಠ. ಗೋಡೆಯ ಬುಡದಲ್ಲಿ ಸಿಕ್ಕ ಗಾರೆಯ ಹಲಗೆಯಲ್ಲಿ ಶಿಲುಬೆ, ಶಿಲುಬೆಯ ಸುತ್ತ ಬಳ್ಳಿ. ಹೊರಗೆ ಅಂಗಳ, ಅಂಗಳದಾಚೆ ಮನೆಗಳು, ಒಂದು ಮೂಲೆಯಲ್ಲಿ ಗೋರಿ ಇರಬಹುದೆಂಬ ಗುಮಾನಿ. ಸಾವಿರದ ಇನ್ನೂರು ವರ್ಷ ಹಿಂದಿನದು. ಸುಗಂಧಿ ಶ್ರದ್ಧೆಯಿಂದ ತಲೆಯಾಡಿಸಿದಳು. ಕೊನೆಗೆ ಕೇಳಿದ್ದು ಒಂದೇ ಪ್ರಶ್ನೆ.

"ಅಡಿಗೆಕೋಣೆ ಎಲ್ಲಿ ಉಂಟು ಮಗಾ?"

ಕುವೈತಿಗೆ ಬಂದು ಇಪ್ಪತ್ತನಾಲ್ಕು ವರ್ಷ ಅವಳು ಯಾವ ಕೆಲಸದಲ್ಲೂ ಇರಲಿಲ್ಲ. ಇಕಾಮಾದಲ್ಲಿ, ಅಂದರೆ ವಾಸದ ಪರವಾನಗಿಯಲ್ಲಿ, ರೋಹಿದಾಸನ ಹೆಂಡತಿ, ಅಷ್ಟೆ. ರಿಗ್ಗೈಯ ಎರಡು ಕೋಣೆಯ ಫ್ಲಾಟಿನಲ್ಲಿ ಬೆಳಿಗ್ಗೆ ಐದಕ್ಕೆ ಎದ್ದು ಏನೂ ಕೆಲಸ ಮಾಡದೆ ರಾತ್ರಿ ಹನ್ನೊಂದಕ್ಕೆ ಮಲಗುತ್ತಿದ್ದಳು. ರೋಹಿದಾಸ ಕೇಟರಿಂಗಿನಲ್ಲಿ ಅಡಿಗೆಯವನು. ಕನ್ನಡ ಕೂಟದ ಸಮಾರಂಭಗಳಲ್ಲಿ ಎಲ್ಲರೂ ಚಪ್ಪರಿಸುತ್ತಿದ್ದ "ರೋಹಿದಾಸಣ್ಣನ ಕೋರಿರೊಟ್ಟಿ"ಯ ಮಸಾಲೆ ಹುರಿದು, ಅರೆದು, ಡಬ್ಬಿ ಕಟ್ಟಿಕೊಡುತ್ತಿದ್ದವಳು ಅವಳು. ಅದನ್ನು ಯಾರಿಗೂ ಹೇಳಿದವಳಲ್ಲ. ಹೇಳದೆಯೇ ಯಾರಾದರೂ ಕಂಡುಹಿಡಿಯಲಿ ಎಂದು ಕಾದವಳು. ಕಾದು ಕಾದು ಐವತ್ತೊಂದಾಯಿತು.

ಈ ಸಲ ಫೈಲಕಾದ ಉತ್ಖನನ ತಂಡಕ್ಕೆ ಆಳು ಮತ್ತು ಊಟ ಒದಗಿಸುವ ಗುತ್ತಿಗೆ ರೋಹಿದಾಸನ ಪರಿಚಯದ ನೌಷಾದನಿಗೆ ಸಿಕ್ಕಿತು. ಅಡಿಗೆಗೆ ರೋಹಿದಾಸನನ್ನು ಕರೆದ. ಮಣ್ಣಿನಿಂದ ತೆಗೆದ ಮಡಕೆಚೂರು ತೊಳೆಯಲು ಒಬ್ಬರು ಬೇಕಾಗಿ ಸುಗಂಧಿಯನ್ನೂ ಸೇರಿಸಿದ. ಕಾಗದಪತ್ರವೆಲ್ಲ ಕ್ರಮದಲ್ಲಿ ಬದಲಾಗಿ ಕುತ್ತಿಗೆಗೆ ಒಂದು ಕಾರ್ಡು ಬಂತು: ಅವಳ ಫೋಟೊ, ಅವಳ ಹೆಸರು, ಕೆಳಗೆ "ಪಾಟರಿ ವಾಷರ್". ಇಷ್ಟು ವರ್ಷ ಬಿಟ್ಟಿಯಾಗಿ ಮಾಡಿದ್ದಕ್ಕೆ ಕೊನೆಗೂ ಪದವಿ ಸಿಕ್ಕಿತ್ತು. ಊರಿನ ತಂಗಿಗೆ ಫೋನಿನಲ್ಲಿ "ನಾನೀಗ ಸಂಶೋಧನೆಯಲ್ಲಿದ್ದೇನೆ" ಎಂದಳು. ಯಾವುದರ ಸಂಶೋಧನೆ ಎಂದು ತಂಗಿ ಕೇಳುವ ಮೊದಲೇ ಸಿಗ್ನಲ್ ಇಲ್ಲವೆಂದು ಫೋನ್ ಇಟ್ಟಳು.

ಕೆಲಸ ಸುಲಭ. ಎರಡು ಟಬ್ ತಣ್ಣೀರು, ಹಲ್ಲುಜ್ಜುವ ಬ್ರಶ್, ಒಣಗಿಸಲು ಜಾಲರಿ. ಸೋಪು ಕೂಡದು, ಉಜ್ಜಾಟ ಕೂಡದು. ಮಡಕೆಗಳ ಜವಾಬ್ದಾರಿ ಹೊತ್ತಿದ್ದ ವಿದೇಶಿ ಮೇಡಂ ಮೊದಲ ದಿನವೇ ತೋರಿಸಿಕೊಟ್ಟಿದ್ದರು. ಅಶ್ಮಿತಾ ಕನ್ನಡಕ್ಕೆ ತರ್ಜುಮೆ ಮಾಡಿದ್ದಳು. "ಆಂಟಿ, ಜಸ್ಟ್ ಜೆಂಟಲ್. ರೆಡ್ ಟ್ಯಾಗ್ ಇದ್ದದ್ದು ಸೈಡಿಗೆ ಇಡಿ, ಓಕೆ?"

ಓಕೆ ಎಂದಿದ್ದಳು ಸುಗಂಧಿ. ಸೈಡಿಗೆ ಇಟ್ಟೂ ಇಟ್ಟಳು.

ಇಗರ್ಜಿಯ ಪಕ್ಕದ ಮನೆಯೊಂದರ ಒಲೆಯ ಬಳಿ ಸಿಕ್ಕ ಹನ್ನೊಂದು ಚೂರುಗಳು ಕೆಂಪು ಚೀಟಿ ಕಟ್ಟಿಸಿಕೊಂಡು ಒಂದು ಟ್ರೇಯಲ್ಲಿ ಕೂತಿದ್ದವು. ಒಳಗೆಲ್ಲ ಕಪ್ಪು, ಅಡಿ ಹಿಡಿದ ಗಂಜಿಯ ಹಾಗೆ. ನಾಲ್ಕು ದಿನ ಅವಳು ಅವನ್ನು ನೋಡಿದಳು. ಅವೂ ಅವಳನ್ನು ನೋಡಿದವು. ಅವಳ ಅನುಭವದಲ್ಲಿ ಜನ ಬದಿಗಿಟ್ಟದ್ದೆಲ್ಲ ಕೊನೆಗೆ ಅವಳ ಪಾಲಿಗೇ ಬರುತ್ತಿತ್ತು. ಸಿಂಕಿನ ಬದಿಗಿಟ್ಟ ಬಾಣಲೆ, ಮಂಚದ ಬದಿಗಿಟ್ಟ ಅಂಗಿ, ಸೋಫಾದ ಬದಿಗಿಟ್ಟ ಊಟದ ತಟ್ಟೆ. ಇಪ್ಪತ್ತೆರಡರ ಮಗ ರೋಶನ್ ಈಗಲೂ ರಿಗ್ಗೈಯಿಂದ ಫೋನ್ ಮಾಡಿ "ಅಮ್ಮಾ, ವೇರ್ ಆರ್ ಮೈ ಸಾಕ್ಸ್?" ಎನ್ನುತ್ತಿದ್ದ. ಸಮುದ್ರದಾಚೆಯಿಂದಲೇ ಅವಳು ಎಡಗಡೆಯ ಎರಡನೇ ಡ್ರಾಯರ್ ಎನ್ನುತ್ತಿದ್ದಳು.

ಐದನೇ ದಿನ ಕೆಲಸ ಬೇಗ ಮುಗಿಯಿತು. ಮೇಡಂ ಇಗರ್ಜಿಯ ಬಳಿ ಹೋಗಿದ್ದರು. ಇಷ್ಟು ಕಪ್ಪು ಹೋಗಲು ಬ್ರಶ್ ಸಾಲದೆಂದೇ ಬಿಟ್ಟಿರಬೇಕು, ಪಾಪ, ಇವರಿಗೆಲ್ಲ ಮುಸುರೆಯ ಅಭ್ಯಾಸ ಎಲ್ಲಿಂದ ಬರಬೇಕು ಎಂದುಕೊಂಡ ಸುಗಂಧಿ, ಅಡಿಗೆಕೋಣೆಯಿಂದ ಬಿಸಿನೀರು, ಪಾತ್ರೆಯ ಸೋಪು, ಸ್ಟೀಲಿನ ನಾರು ತಂದಳು. ಅರ್ಧ ಗಂಟೆ ಉಜ್ಜಿದಳು. ಹನ್ನೊಂದು ಚೂರುಗಳು ಮಣ್ಣಿನ ನಿಜಬಣ್ಣಕ್ಕೆ ಬಂದು ಜಾಲರಿಯ ಮೇಲೆ ಕೂತವು. ಕೆಂಪು ಚೀಟಿಗಳನ್ನು ಒದ್ದೆಯಾಗದಂತೆ ಬಿಚ್ಚಿಟ್ಟು ಮತ್ತೆ ಕಟ್ಟಿದಳು. ಅಷ್ಟು ಜಾಗ್ರತೆ!

ಮೇಡಂ ವಾಪಸು ಬಂದರು. ಜಾಲರಿ ನೋಡಿದರು. ಒಂದು ಚೂರನ್ನು ತಿರುಗಿಸಿ ಒಳಗೆ ನೋಡಿ ಕುರ್ಚಿಯಲ್ಲಿ ಕೂತರು.

ಆ ಕಪ್ಪು ಇದ್ದದ್ದಕ್ಕೇ ಅವುಗಳಿಗೆ ಬೆಲೆ ಎಂದು ಅಶ್ಮಿತಾ ಅವಳನ್ನು ಆಚೆ ಕರೆದು ಹೇಳಿದಳು. ಲ್ಯಾಬಿಗೆ ಕಳಿಸಿದರೆ ಆ ಜನ ಏನು ಬೇಯಿಸಿದರು, ಮೀನೋ ಬೇಳೆಯೋ, ಯಾವ ಎಣ್ಣೆಯೋ, ಎಲ್ಲ ಗೊತ್ತಾಗುತ್ತಿತ್ತು. ಗೋಡೆ, ಶಿಲುಬೆ ಬೇಕಾದಷ್ಟು ಸಿಕ್ಕಿದ್ದವು. ಇಗರ್ಜಿಯ ಸುತ್ತ ಇದ್ದವರು ದಿನಾ ಏನು ಉಣ್ಣುತ್ತಿದ್ದರೆಂದು ಹೇಳುವಂಥದ್ದು ಈ ಸಲ ಸಿಕ್ಕಿದ್ದು ಇಷ್ಟೇ.

"ಯಾರು ತೊಳೆದದ್ದು ಆಂಟಿ? ಧನರಾಜ್ ಅಂಕಲ್ ಅಂತ ಮೇಡಂ ಹೇಳ್ತಿದ್ದಾರೆ. ಟ್ರೇ ತರುವುದು ಅವರೇ ಅಲ್ವಾ. ಅವರನ್ನು ಸಂಜೆ ಬೋಟಿನಲ್ಲಿ ವಾಪಸು ಕಳಿಸ್ತಾರಂತೆ. ನಿಮಗೆ ಫಸ್ಟ್ ಡೇನೇ ಹೇಳಿದ್ರಲ್ಲ, ಸೋ ನೀವಲ್ಲ ಅಂತ ಅವರಿಗೆ ಶೂರ್."

ಧನರಾಜ್ ಬುಟ್ಟಿ ಹೊರುವವನು. ಮೀನಾ ಅಬ್ದುಲ್ಲಾದ ತೈಲ ಕಾರ್ಖಾನೆಯಲ್ಲಿ ಕೆಲಸ ಹೋಗಿ ನಾಲ್ಕು ತಿಂಗಳು ಅಲೆದು ಇಲ್ಲಿ ಸೇರಿದ್ದ.

ಸುಗಂಧಿ ಲೆಕ್ಕ ಹಾಕಿದಳು. ಹೇಳಿದರೆ ಸಂಜೆಯ ಬೋಟು ತನಗೆ. ಮತ್ತೆ ರಿಗ್ಗೈ, ಮತ್ತೆ ಏನೂ ಕೆಲಸವಿಲ್ಲದ ಬೆಳಗಿನ ಐದು ಗಂಟೆ. ಸಾವಿರದ ಇನ್ನೂರು ವರ್ಷದ ಹಿಂದೆ ಯಾರೋ ನಾಳೆ ನೋಡೋಣ ಎಂದು ಬಿಟ್ಟುಹೋದ ಮುಸುರೆಯನ್ನೂ ಬಿಡದೆ ತೊಳೆದುಕೊಟ್ಟ ಮಹಾತಾಯಿ ತಾನು! ಆ ಮಡಕೆಯವಳು ಎಷ್ಟು ಬುದ್ಧಿವಂತೆ, ತೊಳೆಯದೆ ಬಿಟ್ಟು ಚರಿತ್ರೆ ಸೇರಿದಳು. ತಾನು ತೊಳೆದು ಮನೆ ಸೇರಬೇಕು.

ಅಡಿಗೆಕೋಣೆಗೆ ಹೋಗಿ ಗಂಡನಿಗೆ ಹೇಳಿದಳು. ರೋಹಿದಾಸ ಸೌಟು ಕೆಳಗಿಟ್ಟ.

"ಎಂತ ಮಾರಾಯ್ತಿ ನೀನು! ಮಣ್ಣಿನೊಳಗಿಂದ ತೆಗೆದದ್ದನ್ನೂ ಬಿಡ್ಲಿಲ್ವಾ?"

"ನಗಾಡ್ಬೇಡಿ. ಈಗ ಎಂತ ಮಾಡುದು ಹೇಳಿ."

"ಸುಮ್ಮನಿರು. ನಾನು ಹೋಗಿ ಹೇಳ್ತೇನೆ, ನಾನೇ ತೊಳೆದದ್ದು, ಗೊತ್ತಾಗ್ಲಿಲ್ಲ ಅಂತ. ನನ್ನನ್ನು ಕಳಿಸುದಿಲ್ಲ ಅವರು. ಮೂವತ್ತು ಜನಕ್ಕೆ ಊಟ ಯಾರು ಹಾಕ್ತಾರೆ?"

ಒಂದು ಕ್ಷಣ ಸುಗಂಧಿಯ ಮನಸ್ಸು ಕರಗಿತು. ಮರುಕ್ಷಣ ಎಲ್ಲೋ ಚುಚ್ಚಿತು. ಮಸಾಲೆ ಇವರ ಹೆಸರಿಗೆ ಹೋಯಿತು, ಈಗ ತಪ್ಪೂ ಇವರ ಹೆಸರಿಗೇ.

"ನೀವು ಪಾತ್ರೆ ತೊಳೆದಿರಿ ಅಂದ್ರೆ ಯಾರು ನಂಬ್ತಾರೆ? ಹನ್ನೊಂದೂ ಅಷ್ಟು ಕ್ಲೀನುಂಟು. ಒಂದು ಲೋಟ ತೊಳೆದದ್ದುಂಟಾ ನೀವು?"

"ಅದೂ ಹೌದು," ಎಂದ ರೋಹಿದಾಸ. ಸೌಟು ಎತ್ತಿಕೊಂಡ.

ಮೇಡಂ ಕೂತಲ್ಲೇ ಇದ್ದರು. ಸುಗಂಧಿ ಕಾರ್ಡನ್ನು ಕೈಯಲ್ಲಿ ಹಿಡಿದುಕೊಂಡು ನಿಂತಳು. ಅಶ್ಮಿತಾ ತರ್ಜುಮೆಗೆ ಬಂದಳು.

"ಹೇಳು ಮಗಾ. ಧನರಾಜ ಅಲ್ಲ. ನಾನೇ. ನೀನು ಹೇಳಿದ್ದು ಕೇಳಿತ್ತು ನನಗೆ. ಬದಿಗಿಡಿ ಅಂದ್ರೆ ಆಮೇಲೆ ನಾನು ಮಾಡ್ಲಿಕ್ಕೆ ಅಂತ ತಿಳ್ಕೊಂಡೆ."

ಮೇಡಂ ಒಂದು ಫಾರಂ ತೆಗೆದರು. ನಷ್ಟವಾದಾಗ ತುಂಬುವ ಫಾರಂ. ಯಾರು, ಯಾವಾಗ, ಯಾವುದರಿಂದ, ಎಷ್ಟು ಹೊತ್ತು. ಸುಗಂಧಿ ಒಂದೂ ಮುಚ್ಚಿಡಲಿಲ್ಲ. ಬಿಸಿನೀರು ಎಷ್ಟು ಬಿಸಿ, ಮೊದಲು ನೆನೆಹಾಕಿದ್ದು ಎಷ್ಟು ನಿಮಿಷ, ಸೋಪು ಯಾವುದು, ಅಂಚಿಗೆ ಉಗುರು ಹಾಕಿದ್ದು, ಎರಡು ಸಲ ಜಾಲಾಡಿದ್ದು. ಹೇಳುತ್ತ ಹೇಳುತ್ತ ತನ್ನ ದನಿಯಲ್ಲಿ ಹೆಮ್ಮೆ ಇಣುಕಿದ್ದು ಅವಳಿಗೇ ಕೇಳಿಸಿ ನಾಚಿಕೆಯಾಯಿತು. ಇಷ್ಟು ವಿವರವಾಗಿ ಅವಳನ್ನು ಯಾರೂ ಯಾವತ್ತೂ ಪಾತ್ರೆ ತೊಳೆಯುವ ಬಗ್ಗೆ ಕೇಳಿರಲಿಲ್ಲ.

ಮೇಡಂ ಪೆನ್ನು ನಿಲ್ಲಿಸಿ ಏನೋ ಹೇಳಿದರು.

"ಧನರಾಜ್ ಅಂಕಲ್ ಹತ್ರ ಸಾರಿ ಕೇಳ್ತಾರಂತೆ," ಎಂದಳು ಅಶ್ಮಿತಾ. "ಮತ್ತೆ, ಏನಕ್ಕೆ ಅಂತ ಹೇಳದೆ ಸೈಡಿಗಿಡಿ ಅಂದದ್ದು ಅವರ ಮಿಸ್ಟೇಕ್ ಅಂತ ಅದರಲ್ಲಿ ಬರೀತಾರಂತೆ."

"ನಾನು?"

"ನೀವು ಸೈನ್ ಮಾಡಿ. ನಾಳೆ ಏಳು ಗಂಟೆಗೆ ಬರಬೇಕು. ಬಟ್ ನೋ ಸ್ಟೀಲ್ ವುಲ್. ನಿಮ್ಮ ಬ್ಯಾಗ್ ಚೆಕ್ ಮಾಡ್ತಾರಂತೆ ಆಂಟಿ, ಸೀರಿಯಸ್ಲಿ!"

ಸುಗಂಧಿ ಸಹಿ ಹಾಕಿದಳು. ಈ ಇಗರ್ಜಿಯ ಚರಿತ್ರೆಯನ್ನು ಮುಂದೆ ಯಾರಾದರೂ ಬರೆದರೆ, ಇಲ್ಲಿದ್ದವರ ಊಟ ಏನೆಂದು ತಿಳಿಯದಿರಲು ಕಾರಣ ಸುಗಂಧಿ, ಕಿನ್ನಿಗೋಳಿ ಎಂದು ಅಡಿಯಲ್ಲಿ ಸಣ್ಣಕ್ಷರದಲ್ಲಿ ಬರಬಹುದು. ಬರಲಿ. ರೋಹಿದಾಸನ ಹೆಂಡತಿ ಎಂದು ಬರುವುದಿಲ್ಲವಲ್ಲ.

ಹೊರಡುವಾಗ ಮೇಜಿನ ಮೇಲೆ ಮೇಡಂನ ಚಹಾದ ಕಪ್ಪು ಕಂಡಿತು. ತಳದಲ್ಲಿ ಕೆನೆ ಒಣಗಿ ಕಂದು ಬಳೆಯಾಗಿತ್ತು. ಕೈ ತಾನಾಗಿ ಮುಂದೆ ಹೋಯಿತು. ಅರ್ಧದಲ್ಲಿ ನಿಂತಿತು.

"ಕೇಳು ಮಗಾ, ಇದನ್ನು ತೊಳೀಬಹುದಾ ಅಂತ."

ಮೇಡಂ ಕಪ್ಪನ್ನು ಎತ್ತಿ, ಒಳಗೆ ಗಂಭೀರವಾಗಿ ಇಣುಕಿ ನೋಡಿ, ಆ ದಿನ ಮೊದಲ ಬಾರಿ ನಕ್ಕರು. ಅಶ್ಮಿತಾ ಕೇಳಿ ಹೇಳಿದಳು, "ಅದು ಅವರದಂತೆ. ಅವರೇ ತೊಳೀತಾರಂತೆ."

ಸುಗಂಧಿಗೆ ನಂಬಿಕೆ ಬರಲಿಲ್ಲ. ನೋಡಿಯೇ ಹೋಗೋಣವೆಂದು ಬಾಗಿಲಲ್ಲಿ ನಿಂತಳು. ಮೇಡಂ ನಲ್ಲಿಯ ಕೆಳಗೆ ಕಪ್ಪು ಹಿಡಿದು ಬೆರಳಾಡಿಸಿ, ಬೋರಲು ಹಾಕಿ, ಕೈ ಒರೆಸಿಕೊಂಡರು. ಹಿಡಿಯ ಸಂದಿಯನ್ನು ಪೂರ್ತಿ ಬಿಟ್ಟಿದ್ದರು. ಸುಗಂಧಿ ಬಾಯಿ ಬಿಗಿಹಿಡಿದು ಹೊರಗೆ ಬಂದಳು.