ಚೆಂಡುಹೂವಿನ ನಡುವೆ ಯುದ್ಧನೌಕೆ

ಡೊಂಬಿವಲಿಯ ಕರುಣಾಕರ ಸಾಲಿಯಾನರು ವಾಗ್ಳೆ ಎಸ್ಟೇಟ್ ಕೈಗಾರಿಕಾ ವಸಾಹತಿನ ಕ್ಯಾಂಟೀನೊಂದರ ಮ್ಯಾನೇಜರು. ಇಪ್ಪತ್ತು ವರ್ಷಗಳಿಂದ ಅವರು ಕೂಡಿಡುತ್ತಿರುವುದು ಹಳೆಯ ಪೋಸ್ಟ್‌ಕಾರ್ಡುಗಳನ್ನು. ಎರಡನೇ ಮಹಾಯುದ್ಧದಲ್ಲಿ ಸರಕಾರಗಳು ತಂತಮ್ಮ ನೌಕಾಪಡೆಯನ್ನು ಹೊಗಳಿಕೊಂಡು ಅಚ್ಚು ಹಾಕಿಸಿದ ಕಾರ್ಡುಗಳು ಅವು.

“ಎಲ್ಲರ ಕಾರ್ಡಿನಲ್ಲೂ ಮುಳುಗುವುದು ವೈರಿಯ ಹಡಗೇ. ಸ್ವಂತದ್ದು ಮುಳುಗಿದ್ದನ್ನು ಒಬ್ಬನಾದ್ರೂ ಅಚ್ಚು ಹಾಕಿಸಿದ್ದುಂಟಾ?” ಎಂದು ಲೋಕಲ್ ಟ್ರೈನಿನಲ್ಲಿ ಸಿಕ್ಕಿದವರಿಗೆಲ್ಲ ಆಲ್ಬಮ್ ತೋರಿಸಿ ಗದರುತ್ತಿದ್ದರು.

ಈ ಸಲ ಆಯುಧಪೂಜೆಯ ಹಿಂದಿನ ದಿನ ಆಲ್ಬಮ್ಮನ್ನು ಟ್ರೈನಿನಲ್ಲೇ ಮರೆತು ಇಳಿದುಬಿಟ್ಟರು. ಮನೆಯಲ್ಲಿ ಅನ್ನ ಸೇರಲಿಲ್ಲ.

ಮರುದಿನ ಬೆಳಿಗ್ಗೆ ಎಂದಿನ ಬೋಗಿ ಹತ್ತಿದರು. ಅವರಿಗಿಂತ ಮೊದಲೇ ಕಲ್ಯಾಣದಲ್ಲಿ ಹತ್ತುವ ಗೆಳೆಯರು ಪ್ರತಿವರ್ಷದಂತೆ ಬೋಗಿಗೆ ಚೆಂಡುಹೂ, ಮಾವಿನೆಲೆ ಕಟ್ಟಿದ್ದರು. ಹೂಗಳ ನಡುವೆ ಸಾಲಿಯಾನರ ಯುದ್ಧನೌಕೆಗಳು ಸಾಲಾಗಿ ನೇತಾಡುತ್ತಿದ್ದವು!

“ಗೋಂದು ಹಚ್ಚಿದ್ರಾ ಮಾರಾಯ್ರೆ?” ಸಾಲಿಯಾನರು ಕಾರ್ಡೊಂದರ ಹಿಂಬದಿ ತಡವಿದರು.

“ಇಲ್ರಿ ಅಣ್ಣಾರ, ದಾರಕ್ಕ ಬರೇ ಕ್ಲಿಪ್ ಹಾಕೀವಿ,” ಎಂದ ವಿಜಯಪುರದ ಹಮಾಲ ಭೀಮು. “ಪೂಜಿಗಂತ ನೀವ ಬಿಟ್ಟು ಹೋಗೀರಿ ಅನ್ಕೊಂಡ್ವಿ. ತೋಪು ಅಂದ್ರ ಆಯುಧ ಅಲ್ಲೇನ್ರಿ?”

ಸಾಲಿಯಾನರು ಒಂದೊಂದನ್ನೂ ನೋಡಿದರು. ಹರಿದಿರಲಿಲ್ಲ, ಮಡಚಿರಲಿಲ್ಲ. ಎಲ್ಲಕ್ಕಿಂತ ದೊಡ್ಡ ತೋಪಿನ ಬಾಯಿಗೆ ಮಾತ್ರ ಒಂದು ಬೊಟ್ಟು ಕುಂಕುಮ ಬಿದ್ದಿತ್ತು. ಒರೆಸಲು ಕರವಸ್ತ್ರ ತೆಗೆದವರು ಅದರಿಂದ ತಮ್ಮ ಮುಖದ ಬೆವರು ಒರೆಸಿಕೊಂಡು ಕೂತರು.

“ತೆಗೀಲೇನ್ರಿ?” ಭೀಮು ಕೇಳಿದ.

“ಬೇಡ. ಎಂಬತ್ತು ವರ್ಷದಿಂದ ಗುಂಡು ಹೊಡೀತಾ ಉಂಟು ಇವು. ಇವತ್ತೊಂದು ದಿನ ರಜೆ ಸಿಗ್ಲಿ.”