ನಾನು ಮಗುಚಿದ ನಾಲ್ಕು ಮೊಟ್ಟೆ

ಆ ನಾಲ್ಕು ಮೊಟ್ಟೆ ಕೆಟ್ಟಿದ್ದು ಕರೆಂಟ್ ಹೋಗಿದ್ದಕ್ಕಲ್ಲ, ಗಂಡಿನಲ್ಲಿ ಬಲವಿಲ್ಲ ಎಂದೂ ಅಲ್ಲ, ಪಕ್ಕದ ಮನೆಯಾಕೆ ಹೇಳಿದ ಹಾಗೆ ದೃಷ್ಟಿ ತಾಗಿಯೂ ಅಲ್ಲ. ಕೊಂದವಳು ನಾನು. ಬೆಳಗ್ಗೆ ಒಂದು ಸಲ, ಸಂಜೆ ಒಂದು ಸಲ, ಎಂಟು ದಿನ ಕೈಯಾರೆ ಮಗುಚಿ ಕೊಂದೆ. ಅದನ್ನು ಬಾಯಿಬಿಟ್ಟು ಹೇಳುವುದಕ್ಕೆ ಹದಿನೈದು ದಿನ ತೆಗೆದುಕೊಂಡೆ. ಅಷ್ಟರಲ್ಲಿ ಇನ್ನೊಂದು ಜೀವ ಹೋಗುವುದರಲ್ಲಿತ್ತು.

ಮೊಟ್ಟೆ ಎಂದರೆ ಕೋಳಿಯದ್ದಲ್ಲ, ಹಲ್ಲಿಯದ್ದು. ಎರಡು ಸಾವಿರದ ಇಸವಿ ಕಳೆದು ಏಳೆಂಟು ವರ್ಷವಾಗಿತ್ತು. ಮೊಮ್ಮಗಳು ಹಾಸನದಲ್ಲಿ ಬಿ.ಎಸ್ಸಿ. ಓದುತ್ತಿದ್ದಳು. ಮಲ್ಲಿಪಟ್ಟಣದ ಹತ್ತಿರದ ನಮ್ಮೂರಿಂದ ಕಾಲೇಜಿನ ಹೊತ್ತಿಗೆ ಸರಿಯಾಗಿ ಬಸ್ಸಿರಲಿಲ್ಲ. ಹಾಸನದಲ್ಲಿ ಬಾಡಿಗೆ ದುಬಾರಿ ಎಂದು ಹೊಳೆನರಸೀಪುರದಲ್ಲಿ ಎರಡು ರೂಮಿನ ಮನೆ ಮಾಡಿ, ಅವಳಿಗೆ ಬೇಯಿಸಿ ಹಾಕಲು ನನ್ನನ್ನು ಜೊತೆಗೆ ಕಳಿಸಿದ್ದರು. ಅವಳು ಬೆಳಗ್ಗೆ ರೈಲು ಹತ್ತಿದರೆ ಸಂಜೆಗೆ ಮನೆ.

ಒಂದು ಸಂಜೆ ಕಾಲೇಜು ಬ್ಯಾಗಿನ ಜೊತೆ ಒಂದು ಗಾಜಿನ ಪೆಟ್ಟಿಗೆಯೂ ಬಂತು. ಹಾಸನದ ಬಣ್ಣದ ಮೀನಿನ ಅಂಗಡಿಯವನಿಂದ ತಂದ ಹೆಣ್ಣು ಹಲ್ಲಿ. ಹಳದಿ ಮೈ, ಮೈ ತುಂಬಾ ಕರೀ ಚುಕ್ಕೆ, ಮೂಲಂಗಿಯಂಥ ದಪ್ಪ ಬಾಲ. ಗೋಡೆ ಹತ್ತುವುದಿಲ್ಲ. ಕಣ್ಣಿಗೆ ರೆಪ್ಪೆ ಬೇರೆ ಇದೆ, ನಮ್ಮ ಹಾಗೆ ಮಿಟುಕಿಸುತ್ತದೆ.

"ಕಾಡಿಂದ ಹಿಡ್ಕೊಂಡ್ ಬಂದ್ಯೇನೆ?" ಎಂದೆ.

"ಅಯ್ಯೋ, ನಮ್ ಕಾಡಿಂದು ಹಿಡಿದ್ರೆ ಜೈಲು ಕಣಜ್ಜಿ. ಇದು ಹೊರದೇಶದ ಜಾತಿ. ಪೆಟ್ಟಿಗೇಲೇ ಹುಟ್ಟಿ ಪೆಟ್ಟಿಗೇಲೇ ಬೆಳೆದಿದ್ದು."

ಪಕ್ಕದ ಮನೆಯಲ್ಲಿದ್ದದ್ದು ದೇವಸ್ಥಾನದ ಪೂಜೆಯವರು. ಆ ಮನೆಯಾಕೆ ಬಾಗಿಲಿನಲ್ಲೇ ನಿಂತು, "ಗೋಡೆ ಮೇಲಿರೋದನ್ನ ಓಡ್ಸೋಕೆ ನಾವು ಪೊರಕೆ ಹಿಡೀತೀವಿ, ನೀವು ಕಾಸು ಕೊಟ್ಟು ತಂದಿದ್ದೀರಲ್ರೀ! ಮೈ ಮೇಲೆ ಬಿದ್ರೆ ಪಂಚಾಂಗ ತೆಗೀಬೇಕಾಗುತ್ತೆ" ಅಂದರು.

"ಇದು ಗೋಡೆ ಅತ್ತಾಕೇ ಬರಾಕಿಲ್ಲ ಕಣಮ್ಮ, ಇನ್ನು ಬೀಳಾದೆಲ್ಲಿಂದ?" ಎಂದೆ ನಾನು.

ಮೊಮ್ಮಗಳು ಆಟಕ್ಕೆ ತಂದವಳಲ್ಲ, ಮರಿ ಮಾಡಿಸಬೇಕೆಂದು ತಂದವಳು. ಒಂದು ವರ್ಷಕ್ಕೂ ಮೇಲೆ ಬರೀ ಸಾಕಿದಳು. ಬೂಸಾದಲ್ಲಿ ಹುಳ ಬೆಳೆಸಿದಳು. ಆ ಹುಳಕ್ಕೆ ನುಣ್ಣಗೆ ಕುಟ್ಟಿದ ಮೊಟ್ಟೆಚಿಪ್ಪಿನ ಪುಡಿ ಹಚ್ಚಿ ಹಲ್ಲಿಗೆ ಹಾಕುವಳು, ಹೆಣ್ಣಿನ ಮೂಳೆ ಗಟ್ಟಿಯಾಗಲಿ ಎಂದು. ಆಮೇಲೆ ಚನ್ನರಾಯಪಟ್ಟಣದ ಸ್ನೇಹಿತೆಯೊಬ್ಬಳು ತನ್ನ ಗಂಡು ಹಲ್ಲಿಯನ್ನು ಕೊಟ್ಟಳು. ಅದನ್ನೂ ಕೂಡಲೇ ಹೆಣ್ಣಿನ ಹತ್ತಿರ ಬಿಡಲಿಲ್ಲ. ಒಂದು ತಿಂಗಳು ಬೇರೆ ಪೆಟ್ಟಿಗೆ, ಬೇರೆ ನೀರಿನ ಬಟ್ಟಲು. ಸಂತೆಯಿಂದ ತಂದ ಕುರಿಯನ್ನು ನಾವು ಬೇರೆ ಕಟ್ಟುವ ಹಾಗೆ. ಹೆಣ್ಣಿಗೆ ಎರಡು ವರ್ಷ ತುಂಬಬೇಕು, ತೂಕ ಐವತ್ತು ಗ್ರಾಮಿಗಿಂತ ಮೇಲಿರಬೇಕು, ಮರಿ ಹುಟ್ಟುವ ಮೊದಲೇ ಅದನ್ನು ಯಾರು ಸಾಕುತ್ತಾರೆ ಎಂದು ಗೊತ್ತಿರಬೇಕು. ಇದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲೇ ಬರೆದು, ಪೆಟ್ಟಿಗೆಯ ಮೇಲಿನ ಮೊಳೆಗೆ ದಾರ ಕಟ್ಟಿ ನೇತುಹಾಕಿದ್ದಳು. ನಾನು ಓದಿದ್ದು ಮೂರನೇ ಕ್ಲಾಸು. ಕೂಡಿಸಿಕೊಂಡು ಓದಬಲ್ಲೆ. ಓದಲಿಲ್ಲ.

ಯಾಕೆ ಓದಬೇಕು? ಮೊಟ್ಟೆ ಮರಿ ಮಾಡಿಸುವುದನ್ನು ನನಗೆ ಇವಳು ಹೇಳಿಕೊಡಬೇಕೇ ಎಂಬ ಗರ್ವ. ತೊಂಬತ್ತರ ಸುಮಾರಿನಲ್ಲಿ ನಮ್ಮೂರಲ್ಲಿ ಕಾವಿಗೆ ಕೂತಿದ್ದ ನನ್ನ ಕೋಳಿಯನ್ನು ಕಾಡುಬೆಕ್ಕು ಎತ್ತಿಕೊಂಡು ಹೋಯಿತು. ಹನ್ನೊಂದು ಮೊಟ್ಟೆ ಬುಟ್ಟಿಯಲ್ಲೇ ಉಳಿದವು. ಒಲೆಯ ಪಕ್ಕ ಬೆಚ್ಚಗಿನ ಭತ್ತದ ಹೊಟ್ಟಿನಲ್ಲಿ ಇಟ್ಟು, ಕೋಳಿ ಕೊಕ್ಕಿನಲ್ಲಿ ಮಗುಚುವ ಹಾಗೆ ನಾನೇ ದಿನಕ್ಕೆ ಮೂರು ಸಲ ಮಗುಚಿದೆ. ಒಂಬತ್ತು ಮರಿ ಎದ್ದವು. ಅಲ್ಲಿಂದ ಯಾರ ಮನೆಯಲ್ಲಿ ಕೋಳಿ ಕಾವಿಗೆ ಕೂತರೂ ನನ್ನನ್ನು ಕರೆಯುವರು. "ಅವ್ವನ ಕೈ ತಾಕ್ಲಿ" ಎನ್ನುವರು. ಆ ಮಾತು ತಲೆಗೆ ಏರಿತ್ತು.

ಹಲ್ಲಿ ಮೊದಲು ಎರಡು ಮೊಟ್ಟೆ ಇಟ್ಟಿತು, ಮೂರು ವಾರ ಬಿಟ್ಟು ಇನ್ನೆರಡು. ಅಡಿಕೆಗಿಂತ ಒಂಚೂರು ಉದ್ದ, ಚಿಪ್ಪು ಚರ್ಮದ ಹಾಗೆ ಮೆತ್ತಗೆ. ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಒಂದು ಬಲ್ಬು, ಕಾವು ಹೆಚ್ಚಾದರೆ ತಾನೇ ಆರುವ ಸ್ವಿಚ್ಚು, ಒಳಗೊಂದು ಡಬ್ಬಿಯಲ್ಲಿ ಚನ್ನರಾಯಪಟ್ಟಣದಿಂದ ತರಿಸಿದ ತೆಂಗಿನ ನಾರಿನ ಪುಡಿ, ಹಿಂಡಿದರೆ ನೀರು ತೊಟ್ಟಿಕ್ಕದಷ್ಟು ಒದ್ದೆ. ಅದರಲ್ಲಿ ನಾಲ್ಕು ಮೊಟ್ಟೆ ಅರ್ಧ ಹೂತಿದ್ದವು. ಮೊಮ್ಮಗಳು ಅಲುಗಿಸದೆ ಪಕ್ಕದಿಂದ ಟಾರ್ಚ್ ಹಿಡಿದು ತೋರಿಸಿದಳು. ಒಳಗೆ ಕೆಂಪು ನರ, ದಾರದೆಳೆಯ ಹಾಗೆ. ಕೋಳಿಮೊಟ್ಟೆಯನ್ನು ಬಿಸಿಲಿಗೆ ಹಿಡಿದರೆ ಕಾಣುವುದೂ ಅದೇ. ಎಲ್ಲಾ ಒಂದೇ ಎಂದುಕೊಂಡೆ.

ಪ್ರತಿ ಮೊಟ್ಟೆಯ ನೆತ್ತಿಗೆ ಅವಳು ಪೆನ್ಸಿಲಿನಲ್ಲಿ ಒಂದು ಚುಕ್ಕೆ ಇಟ್ಟಿದ್ದಳು. ಅದೂ ನನಗೆ ಹೊಸದಲ್ಲ. ಕಾವಿಗಿಟ್ಟ ಮೊಟ್ಟೆಗೆ ನಾವು ಇದ್ದಿಲಿನ ಗುರುತು ಹಾಕುತ್ತೇವೆ, ಕೋಳಿ ಆಮೇಲೆ ಇಟ್ಟ ಹೊಸ ಮೊಟ್ಟೆ ಅದರಲ್ಲಿ ಬೆರೆತುಹೋಗಬಾರದು ಎಂದು. ಇದೂ ಆ ಗುರುತೇ ಎಂದು ತಿಳಿದೆ. ಕೇಳಲಿಲ್ಲ.

ಕಾಲೇಜಿನವರು ಎಂಟು ದಿನ ಟೂರು ಕರೆದುಕೊಂಡು ಹೋದರು. ಹೊರಡುವಾಗ ಮೊಮ್ಮಗಳು, "ಏನೂ ಮುಟ್ಬೇಡಜ್ಜಿ. ಥರ್ಮಾಮೀಟರ್ ಗೆರೆ ಮಾತ್ರ ನೋಡ್ತಿರು. ಮಿಕ್ಕಿದ್ದು ಬುಕ್ಕಲ್ಲಿ ಬರ್ದಿದ್ದೀನಿ" ಎಂದಳು.

"ಓಗೇ, ನಿಮ್ಮಪ್ಪನ್ನ ಎತ್ತೋಳು ನಾನು. ನಂಗೆ ಬುಕ್ಕು ತೋರುಸ್ತಾಳೆ."

ಆ ವಾರ ಕರೆಂಟ್ ಹೋಗಿದ್ದು ನಿಜ. ಮಧ್ಯಾಹ್ನ ಮೂರು-ನಾಲ್ಕು ಗಂಟೆ ಹೊತ್ತು ಇರುತ್ತಿರಲಿಲ್ಲ. ನಾನು ಬಾಟಲಿಗೆ ಬಿಸಿನೀರು ತುಂಬಿ, ಬಟ್ಟೆ ಸುತ್ತಿ ಪೆಟ್ಟಿಗೆಯೊಳಗೆ ಇಡುತ್ತಿದ್ದೆ. ಗೆರೆ ಒಂದು ಕೂದಲೆಳೆಯೂ ಇಳಿಯಲಿಲ್ಲ. ಅಲ್ಲಿಗೆ ಬಿಟ್ಟಿದ್ದರೆ ಸಾಕಿತ್ತು. ಬೆಳಗ್ಗೆ ಚುಕ್ಕೆ ಮೇಲೆ, ಸಂಜೆ ಚುಕ್ಕೆ ಕೆಳಗೆ ಎಂದು ನಾಲ್ಕನ್ನೂ ಮಗುಚಿದೆ. ಅವಳು ಬಂದದ್ದು ಬೆಳಗ್ಗೆ, ನಾನು ಮಗುಚಿ ಮುಗಿಸಿದ ಮೇಲೆ. ಚುಕ್ಕೆ ಮೇಲೇ ಇತ್ತು. ಅವಳಿಗೆ ಅನುಮಾನವೇ ಬರಲಿಲ್ಲ.

ಒಂದು ವಾರದೊಳಗೆ ಮೊಟ್ಟೆಗಳು ಕುಗ್ಗಿದವು. ಮೇಲೆ ಬೂದುಬಣ್ಣದ ಬೂಷ್ಟು. ಅವಳು ದೊಡ್ಡದೊಂದನ್ನು ಬ್ಲೇಡಿನಲ್ಲಿ ಸೀಳಿದಳು. ಒಳಗೆ ಮರಿ. ಕಣ್ಣಿತ್ತು, ಕಾಲಿತ್ತು. ನೋಡಿ ಕೈ ತೊಳೆದುಕೊಂಡು ಬಂದು, "ಕರೆಂಟ್ನೋರು ಹಾಳಾಗೋಗ" ಎಂದು ಬೈದಳು. ಬಿಸಿನೀರಿನ ಬಾಟಲಿಯ ಸುದ್ದಿ ನನ್ನ ನಾಲಿಗೆಯ ತುದಿಗೆ ಬಂದಿತ್ತು. ಕಾವು ಇಳಿದಿರಲಿಲ್ಲ ಎಂದರೆ ಮತ್ತೇನಾಯಿತು ಎಂದು ಕೇಳುತ್ತಾಳೆ, ಮುಟ್ಟಬೇಡ ಎಂದಿದ್ದನ್ನು ಮುಟ್ಟಿದ್ದು ಹೊರಬೀಳುತ್ತದೆ. ನುಂಗಿಕೊಂಡೆ.

ಅವಳು ಕಾಲೇಜಿಗೆ ಹೋದ ಮೇಲೆ ಮೊಳೆಯಿಂದ ನೋಟ್‌ಬುಕ್ಕು ಇಳಿಸಿ ಬಾಗಿಲ ಬೆಳಕಿನಲ್ಲಿ ಕೂತೆ. ಒಂದು ಪುಟದಲ್ಲಿ ಮೊಟ್ಟೆಯ ಚಿತ್ರ ಬರೆದು ಕೆಳಗೆ ದಪ್ಪಕ್ಷರದಲ್ಲಿ ಬರೆದಿದ್ದಳು: 'ಇಟ್ಟ ದಿನದಿಂದ ಮರಿ ಬರುವವರೆಗೂ ಚುಕ್ಕೆ ಮೇಲಕ್ಕೇ ಇರಬೇಕು. ಮಗುಚಿದರೆ ಮರಿ ಸಾಯುತ್ತದೆ.' ಎರಡು ಸಲ ಓದಿದೆ. ಕೋಳಿ ಮಗುಚುತ್ತದೆ, ಹಲ್ಲಿ ಇಟ್ಟು ಹೋಗಿಬಿಡುತ್ತದೆ, ಮತ್ತೆ ಬಂದು ಮುಟ್ಟುವುದಿಲ್ಲ. ಆ ಯೋಚನೆ ನನಗೆ ಬಂದಿರಲೇ ಇಲ್ಲ. ಪುಸ್ತಕ ಇದ್ದಲ್ಲೇ ನೇತುಹಾಕಿದೆ.

ಆಮೇಲಿನ ದಿನಗಳಲ್ಲಿ ನನ್ನ ಸುಳ್ಳು ತಾನೇ ಬೆಳೆಯಿತು. ಹಾಸನದ ಅಂಗಡಿಯವನು ಅವಳ ಕಿವಿ ಕಚ್ಚಿದ, ಕರೆಂಟಲ್ಲ, ಗಂಡು ನಿಶ್ಶಕ್ತಿ, ಅದಕ್ಕೇ ಮರಿ ಅರ್ಧಕ್ಕೇ ಸಾಯುತ್ತವೆ ಎಂದು. ಮೊಮ್ಮಗಳು ಚನ್ನರಾಯಪಟ್ಟಣದವಳಿಗೆ ಫೋನು ಮಾಡಿ, "ಗೊತ್ತಿದ್ದೂ ಗೊತ್ತಿದ್ದೂ ಕೆಟ್ಟ ಗಂಡು ಕೊಟ್ಟೆಯಲ್ಲ" ಎಂದು ಜಗಳವಾಡಿದಳು. ನಾನು ಅಲ್ಲೇ ಸೊಪ್ಪು ಬಿಡಿಸುತ್ತಿದ್ದೆ. ತಲೆ ಎತ್ತಲಿಲ್ಲ.

ಹೆಣ್ಣು ಇಳಿಯುತ್ತಾ ಬಂತು. ಆ ಜಾತಿಗೆ ಕೊಬ್ಬೆಲ್ಲ ಬಾಲದಲ್ಲಿ. ಮೂಲಂಗಿಯಂತಿದ್ದ ಬಾಲ ಒಣಗಿದ ಹುರುಳಿಕಾಯಿಯಂತಾಗಿತ್ತು. ಸೊಂಟದ ಎರಡು ಮೂಳೆ ಎದ್ದು ಕಾಣುತ್ತಿದ್ದವು. ಹುಳ ಮುಂದೆ ಹರಿದರೂ ನೋಡುತ್ತಾ ಕೂತಿರುತ್ತಿತ್ತು. ಕರು ಹಾಕಿದ ಹಸು ಮೈ ತುಂಬಿಕೊಳ್ಳುವವರೆಗೂ ನಾವು ಹೋರಿಗೆ ಬಿಡುವುದಿಲ್ಲ. ಇದನ್ನು ಇನ್ನೊಂದು ಸಲ ಬಿಟ್ಟರೆ ಮೊಟ್ಟೆ ಹೊಟ್ಟೆಯಲ್ಲಿ ಇರುವಾಗಲೇ ಸಾಯುತ್ತದೆ ಎಂದು ನನ್ನ ಕಣ್ಣಿಗೇ ಗೊತ್ತಾಗುತ್ತಿತ್ತು.

ಹದಿನೈದನೇ ದಿನ ಸಂಜೆ ಅವಳು ರೈಲಿಳಿದು ಬಂದಾಗ ಕೈಯಲ್ಲಿ ತೂತು ಕೊರೆದ ಸ್ವೀಟ್ ಬಾಕ್ಸು. ಚಪ್ಪಲಿಯನ್ನೂ ಬಿಡದೆ ಪೆಟ್ಟಿಗೆಯ ಮುಂದೆ ಕೂತಳು.

"ಏನೇ ಅದು?"

"ಗಂಡು. ಅಂಗಡಿಯೋನು ಹತ್ತು ದಿನಕ್ಕೆ ಕೊಟ್ಟಿದ್ದಾನೆ. ಸೀಸನ್ ಮುಗೀತಾ ಬಂತಜ್ಜಿ, ಈಗ್ಲೇ ಬಿಟ್ಬಿಡ್ತೀನಿ."

"ಒಂದ್ ತಿಂಗ್ಳು ಬ್ಯಾರೆ ಇಡ್ಬೇಕು ಅಂತಿದ್ದೆ?"

"ಟೈಮಿಲ್ಲ."

ಗಾಜಿನ ಮುಚ್ಚಳ ಸರಿಸಿದಳು. ಬಾಕ್ಸಿನ ರಬ್ಬರ್ ಬ್ಯಾಂಡು ತೆಗೆದಳು. ಒಳಗಿನದು ಸರಸರ ಎಂದು ಓಡಾಡಿತು. ಹೆಣ್ಣು ಮೂಲೆಯ ಹೆಂಚಿನ ಚೂರಿನ ಕೆಳಗೆ ಹೊಟ್ಟೆ ನೆಲಕ್ಕೆ ಹಚ್ಚಿ ಮಲಗಿತ್ತು. ಅವಳ ಕೈ ಒಳಗೆ ಹೋಯಿತು.

"ತಡಿ" ಎಂದೆ. "ನಿನ್ ಗಂಡಿಂದೇನೂ ತೆಪ್ಪಿಲ್ಲ. ಕರೆಂಟ್ನೋರ್ದೂ ಇಲ್ಲ. ಮೊಟ್ಟೆ ಮಗುಚ್ದೋಳು ನಾನು. ನೀನು ಟೂರ್ಗೋಗಿದ್ದಾಗ. ದಿನಾಲೂ."

ಕೈ ಅಲ್ಲೇ ನಿಂತಿತು. ತಿರುಗಿ ನನ್ನನ್ನು ನೋಡಿದಳು.

"ಯಾವಾಗಿಂದ ಗೊತ್ತು ನಿಂಗೆ?"

"ಅದಿನೈದ್ ದಿನಾ ಆಯ್ತು."

"ನಾನು ಅವಳ ಜೊತೆ ಫೋನಲ್ಲಿ ಕಿತ್ತಾಡ್ತಿದ್ದಾಗ ನೀನು ಅಲ್ಲೇ ಕೂತಿದ್ದೆ."

"ಊಂ. ಕೂತಿದ್ದೆ."

"ಯಾಕಜ್ಜಿ?"

"ನಂಗೆಲ್ಲ ಗೊತ್ತು ಅಂದ್ಕಂಡಿದ್ದೆ. ಇಲ್ಲ ಅನ್ನಾಕೆ ಬಾಯಿ ಬರ್ನಿಲ್ಲ. ಇನ್ನೇನು."

ಹೇಳಿದ ಕೂಡಲೇ ಎಲ್ಲ ನೆಟ್ಟಗಾಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ. ಅವಳ ಮುಖ ಕೆಂಪೇರಿತು. ಬಾಕ್ಸಿಗೆ ರಬ್ಬರ್ ಬ್ಯಾಂಡು ಹಾಕಿ ಪಕ್ಕಕ್ಕೆ ತಳ್ಳಿ, ಹಳೇ ಗಂಡಿನ ಪೆಟ್ಟಿಗೆಗೆ ಕೈ ಚಾಚಿದಳು.

"ಹಂಗಾದ್ರೆ ಇವನೇ ಸರಿಯಾಗಿದ್ದಾನೆ. ಇವನನ್ನೇ ಬಿಡ್ತೀನಿ. ಈ ಸಲ ನೀನು ಈ ರೂಮಿಗೇ ಬರ್ಬೇಡ."

ನಾನು ಎದ್ದು ಹೋಗಿ ಹೆಣ್ಣಿನ ಪೆಟ್ಟಿಗೆಯ ಮೇಲೆ ಎರಡೂ ಅಂಗೈ ಊರಿದೆ.

"ಕೈ ತೆಗಿ ಅಜ್ಜಿ."

"ತೂಗು ಮೊದ್ಲು."

"ಕೈ ತೆಗಿ ಅಂದೆ."

"ತೂಗು ಕಣೆ. ಆಮ್ಯಾಕೆ ನೀ ಏನಾರ ಮಾಡ್ಕ."

ಅಡುಗೆ ಮನೆಯಿಂದ ಅಂಕಿ ತೋರಿಸುವ ಪುಟ್ಟ ತಕ್ಕಡಿ ತಂದು ಕುಕ್ಕಿದಳು. ಬಟ್ಟಲಿನಲ್ಲಿ ಹೆಣ್ಣನ್ನು ಇಟ್ಟಳು. ಮೊದಲಾದರೆ ಬಟ್ಟಲಿನಿಂದ ಹಾರುತ್ತಿತ್ತು, ತಡೆದು ಹಿಡಿಯಬೇಕಾಗುತ್ತಿತ್ತು. ಈಗ ಇಟ್ಟ ಹಾಗೇ ಕೂತಿತು. ಗಂಡಿಗೆ ಬಿಡುವ ಮೊದಲು ಅರವತ್ತು ಗ್ರಾಮು ಇತ್ತು. ತಕ್ಕಡಿಯಲ್ಲಿ ನಲವತ್ತಮೂರು ಬಂತು. ಅವಳು ಎತ್ತಿ ಮತ್ತೆ ಇಟ್ಟಳು. ನಲವತ್ತಮೂರೇ.

ನಾನು ನೋಟ್‌ಬುಕ್ಕಿನ ಕಡೆ ಕೈ ತೋರಿಸಿದೆ. "ಐವತ್ಕಿಂತ ಕಮ್ಮಿ ಇದ್ರೆ ಬಿಡ್ಬಾರ್ದು ಅಂತ ಬರ್ದೋಳು ನೀನೇ ಅಲ್ವಾ? ನಾನು ಓದ್ನಿಲ್ಲ, ನಾಕು ಜೀವ ತೆಗ್ದೆ. ನೀನು ಬರ್ದಿದ್ನ ನೀನೇ ಓದ್ನಿಲ್ಲ ಅಂದ್ರೆ ಇದೂ ಓಯ್ತದೆ. ನನ್ ಮ್ಯಾಲಿನ್ ಸಿಟ್ನ ಅದ್ರ ಮ್ಯಾಲೆ ತೀರುಸ್ಬ್ಯಾಡ."

ಅವಳು ಬಟ್ಟಲನ್ನು ಎತ್ತಿ ಹೆಣ್ಣನ್ನು ಹೆಂಚಿನ ಕೆಳಗೆ ಇಳಿಸಿ ಮುಚ್ಚಳ ಎಳೆದಳು. ಕರೆದರೂ ಉಣ್ಣಲು ಬರಲಿಲ್ಲ. ಆಮೇಲೆ ಒಳಗೆ ಫೋನಿನಲ್ಲಿ ಚನ್ನರಾಯಪಟ್ಟಣದವಳಿಗೆ ಸಣ್ಣ ದನಿಯಲ್ಲಿ ಏನೋ ಹೇಳುತ್ತಿದ್ದಳು. "ಇಲ್ಲ, ನಮ್ಮಜ್ಜಿ" ಎಂದಿದ್ದು ಮಾತ್ರ ಕೇಳಿಸಿತು.

ಮಾರನೇ ದಿನ ಭಾನುವಾರ. ಅವಳು ಏಳುವ ಮೊದಲೇ ನಾನು ಸ್ವೀಟ್ ಬಾಕ್ಸನ್ನು ಟವೆಲಿನಲ್ಲಿ ಸುತ್ತಿ ಚೀಲದಲ್ಲಿಟ್ಟುಕೊಂಡು ಹಾಸನದ ಮೊದಲ ಬಸ್ಸು ಹತ್ತಿದೆ. ಮೀನಿನ ಅಂಗಡಿ ಇನ್ನೂ ತೆರೆದಿರಲಿಲ್ಲ. ಮೆಟ್ಟಿಲ ಮೇಲೆ ಕೂತೆ. ಒಂದು ಗಂಟೆಯ ಮೇಲೆ ಅಂಗಡಿಯವನು ಬಂದು ಷಟರ್ ಎತ್ತಿದ. ಮೊಮ್ಮಗಳ ಹೆಸರು ಹೇಳಿ ಬಾಕ್ಸನ್ನು ಅವನ ಮುಂದಿಟ್ಟೆ.

"ಏನಜ್ಜಿ, ಒಂದೇ ದಿನಕ್ಕೆ ಕೆಲಸ ಆಗೋಯ್ತಾ?"

"ಬಿಟ್ಟೇ ಇಲ್ಲ ಕಣಪ್ಪ. ಇಟ್ಕ ನಿನ್ ಗಂಡ್ನ."

"ಈ ಸೀಸನ್ ಹೋದ್ರೆ ಮುಂದಿನ್ ವರ್ಷಾನೇ ಮತ್ತೆ, ಯೋಚ್ನೆ ಮಾಡಿ."

"ಮುಂದಿನ್ ವರ್ಷ ಅದು ಬದ್ಕಿರ್ಲಿ ಸಾಕು. ಮೈ ಇಡಿಯಾಕೆ ಏನ್ ಆಕ್ಬೇಕು ಅದ್ಕೆ, ಅದೇಳು."

ಅವನು ದಪ್ಪ ಹುಳದ ಡಬ್ಬಿಯೊಂದನ್ನು ಕೊಟ್ಟ. ದಿನಕ್ಕೆ ಎಷ್ಟು ಎಂದು ಚೀಟಿಯಲ್ಲಿ ಬರೆದುಕೊಟ್ಟ. ಚೀಟಿಯನ್ನು ಅಲ್ಲೇ ಅವನ ಮುಂದೆ ನಿಂತು ಪೂರ್ತಿ ಓದಿ, ಅರ್ಥವಾಗದ ಒಂದು ಸಾಲನ್ನು ಕೇಳಿ ತಿಳಿದುಕೊಂಡು, ಹೊಳೆನರಸೀಪುರದ ಬಸ್ಸಿಗೆ ನಡೆದೆ.